ಮೂರನೆಯ ಟ್ರಂಕು

ಶಿವರಾತ್ರಿ ಮುಗಿದ ವಾರ ಸಂಸ್ಕೃತ ಪ್ರೌಢಶಾಲೆಯ ಹಳೆಯ ದಾಖಲೆಗಳಿದ್ದ ತಗಡಿನ ಟ್ರಂಕು ಟಾಂಗಾದಲ್ಲಿ ಮರುಳಸಿದ್ದಪ್ಪನವರ ಮನೆಗೆ ಬಂತು. ಟಾಂಗಾದವನೂ ಮಗ ವಿರುಪಾಕ್ಷಪ್ಪನೂ ಎರಡು ಕಡೆ ಹಿಡಿದು ಅದನ್ನು ಪಡಸಾಲೆಯಲ್ಲಿ ಇಳಿಸಿದರು. ಮರುಳಸಿದ್ದಪ್ಪ ಗೋಡೆಗೆ ಆತು ಕುಳಿತೇ ಇದ್ದರು. ಟ್ರಂಕಿನ ಮುಚ್ಚಳ ತೆಗೆಯಲು ಅವರು ಮೂರು ದಿನ ತೆಗೆದುಕೊಂಡರು.

ಅದೇ ಶಾಲೆಯಲ್ಲಿ ಮೂವತ್ತಾರು ವರ್ಷ ಸಂಸ್ಕೃತ ಹೇಳಿ, ಹೆಡ್‌ಮಾಸ್ಟರಾಗಿ ನಿವೃತ್ತರಾದವರು ಅವರು. ಶಾಲೆ ಹುಟ್ಟಿದ್ದು ಹೊಸಪೇಟೆಯಲ್ಲಲ್ಲ. ೧೯೧೨ರಲ್ಲಿ ತುಂಗಭದ್ರೆಯ ದಂಡೆಯ ತೋರಣಕಟ್ಟಿ ಎಂಬ ಊರಿನಲ್ಲಿ, ಹನ್ನೊಂದು ಹುಡುಗರ ಪಾಠಶಾಲೆಯಾಗಿ. ಐವತ್ಮೂರರಲ್ಲಿ ಡ್ಯಾಮಿನ ನೀರು ನಿಂತು ತೋರಣಕಟ್ಟಿ ಮುಳುಗಿತು; ಪಾಠಶಾಲೆ ಹೊಸಪೇಟೆಗೆ ಬಂತು. ಕಾಲುವೆ ಹರಿದು ಭತ್ತ, ಕಬ್ಬು ಬೆಳೆದು ಸುತ್ತಲಿನವರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಅದು ಹೈಸ್ಕೂಲಾಯಿತು, ಎರಡಂತಸ್ತಿನದಾಯಿತು. ಈಗ ಎಂಬತ್ತೇಳರ ಬಸವ ಜಯಂತಿಗೆ ಅದರ ಅಮೃತ ಮಹೋತ್ಸವ. ಶಾಲೆಯ ಇತಿಹಾಸ ಬರೆದುಕೊಡಬೇಕೆಂದು ಆಡಳಿತ ಮಂಡಳಿಯ ಅಧ್ಯಕ್ಷ, ರೈಸ್‌ಮಿಲ್ಲಿನ ಚನ್ನಯ್ಯ, ಮನೆಗೇ ಬಂದು ಕೇಳಿ ಹೋಗಿದ್ದ.

"ಅಪ್ಪಾ, ಯುಗಾದಿ ಮುಗಿಯೂದ್ರಾಗ ಕೊಡ್ರಿ," ಎಂದ ವಿರುಪಾಕ್ಷಪ್ಪ. ಅವನೂ ಅದೇ ಶಾಲೆಯಲ್ಲಿ ಮೇಷ್ಟ್ರು. "ಬ್ಯಾಸಿಗಿ ರಜಾದಾಗ ಮಂಡಳಿಯವರು ಹೊಸ ಹೆಡ್‌ಮಾಸ್ಟರ್ ಯಾರಂತ ತೀರ್ಮಾನ ಮಾಡ್ತಾರ. ಪುಸ್ತಕ ಚೊಲೋ ಬಂದ್ರ ನನಗೂ ಚೊಲೋ."

"ಇತಿಹಾಸ ಬರಿಯೂದು ನಿನ್ನ ನೌಕರಿಗೇನಲೇ?"

"ಹಂಗಲ್ರಿ. ಎರಡೂ ಒಮ್ಮೆ ಬಂದಾವು, ಅಷ್ಟ."

ಒಳಗಿನಿಂದ ಸಂಗಮ್ಮ ಮಜ್ಜಿಗೆ ತಂದು ಗಂಡನ ಮುಂದಿಟ್ಟಳು. ಇಟ್ಟವಳು ಅಲ್ಲೇ ನಿಂತಳು.

"ಚಿಗವ್ವನ ಹೆಸರು ಬರೀತೀರಲ್ರಿ?"

ಮರುಳಸಿದ್ದಪ್ಪ ಮಜ್ಜಿಗೆ ಎತ್ತಿಕೊಂಡರು. "ಬರೀತೀನಿ."

ಚಿಗವ್ವ ಎಂದರೆ ಎರ್ರಮ್ಮ. ತೋರಣಕಟ್ಟಿಯ ಪಾಠಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು, ಚೋರನೂರಿನ ಗಂಡನ ಮನೆಯವರು ಹೊರಗೆ ಹಾಕಿದ ಮೇಲೆ ಪಾಠಶಾಲೆಯ ಒಲೆಯ ಮುಂದೆ ಬಂದು ಕುಳಿತಿದ್ದಳು. ತೀರಿಕೊಂಡ ಅಕ್ಕನ ಮಗಳು ಸಂಗಮ್ಮನನ್ನು ಅದೇ ಒಲೆಯ ಶಾಖದಲ್ಲಿ ಬೆಳೆಸಿ, ಅಲ್ಲಿಗೆ ಹೊಸದಾಗಿ ಬಂದ ಮೇಷ್ಟ್ರಿಗೆ ಕೊಟ್ಟು ಮದುವೆ ಮಾಡಿದ್ದಳು. ಊರು ಮುಳುಗುವಾಗ ಚೋರನೂರಿನವರೇ ಗಾಡಿ ತಂದು ಎರ್ರಮ್ಮನನ್ನು ಕರೆದುಕೊಂಡು ಹೋದರಂತೆ. ಅಲ್ಲೇ ಆರು ತಿಂಗಳಿಗೆ ಜ್ವರ ಬಂದು ತೀರಿಕೊಂಡಳಂತೆ. ಸಂಗಮ್ಮನಿಗೆ ಗೊತ್ತಿದ್ದುದು ಇಷ್ಟು. ಇಷ್ಟನ್ನೂ ಅವಳಿಗೆ ಹೇಳಿದ್ದು ಗಂಡ.

*

ಸೊಸೆ ಹಂಪಮ್ಮ ಎಸ್ಸೆಸ್ಸೆಲ್ಸಿ ಓದಿದವಳು. ಸಂಗಮ್ಮನಿಗೆ ಅಕ್ಷರ ಬರದು. ಮಾವ ಬರೆದಿಟ್ಟ ಹಾಳೆಗಳನ್ನು ಮಧ್ಯಾಹ್ನ ಅವರು ಮಲಗಿದಾಗ ತಂದು, ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಹಂಪಮ್ಮ ಓದುತ್ತಿದ್ದಳು. ಸಂಗಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳುತ್ತಿದ್ದಳು. ಮೊದಲ ವಾರ ಶಾಲೆ ಕಟ್ಟಿಸಿದವರು ಬಂದರು, ಭೂಮಿ ದಾನ ಕೊಟ್ಟವರು ಬಂದರು. ಎರಡನೆಯ ವಾರ ಕಾಶಿಯಲ್ಲಿ ಓದಿ ಬಂದ ಪಂಡಿತರು ಬಂದರು. ಒಂದು ದಿನ ಊಟದ ಮಾತು ಬಂತು.

"'ಪ್ರಸಾದ ನಿಲಯದಲ್ಲಿ ಪ್ರತಿನಿತ್ಯ ನಲವತ್ತು ವಿದ್ಯಾರ್ಥಿಗಳಿಗೆ ಎರಡು ಹೊತ್ತಿನ ದಾಸೋಹ ಸಾಂಗವಾಗಿ ನಡೆಯುತ್ತಿತ್ತು.'"

ಸಂಗಮ್ಮ ಕೈ ನಿಲ್ಲಿಸಿದಳು. "ಮುಂದ?"

"ಮುಂದ ಪುಸ್ತಕ ಭಂಡಾರದ್ದು ಐತ್ರಿ ಅತ್ತಿ."

"ದಾಸೋಹ ನಡೀತಿತ್ತಂತ! ಅದಕ್ಕೇನು ಕಾಲಿದ್ವೇನು, ತಾನ ನಡಿಯಾಕ? ರೊಟ್ಟಿ ಬಡದಾಕಿ ಯಾರು?"

"ಇನ್ನೂ ಬರೀತಾರೇನೋ ಬಿಡ್ರಿ."

"ದಾನ ಕೊಟ್ಟ ಎತ್ತಿನ ಬಣ್ಣ ಸುದ್ದಾ ಬರದಾರ," ಎಂದಳು ಸಂಗಮ್ಮ. "ಕಂದು ಬಣ್ಣದ್ದಂತ."

ರಾತ್ರಿಯ ಊಟಕ್ಕೆ ಬಡಿಸುವಾಗ ಅವಳು ಗಂಡನನ್ನೇ ಕೇಳಿದಳು. ಬರುತ್ತದೆ, ಸ್ಥಳಾಂತರದ ಅಧ್ಯಾಯದಲ್ಲಿ ಬರುತ್ತದೆ ಎಂದರು ಅವರು. ಆದರೆ ಆ ಅಧ್ಯಾಯ ಮಾತ್ರ ಮುಂದೆ ಸರಿಯಲಿಲ್ಲ. ಅವರು ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ ಕೂರುತ್ತಿದ್ದರು. ಒಂದು ಸಾಲು ಬರೆಯುತ್ತಿದ್ದರು. ಮತ್ತೆ ಟ್ರಂಕಿನ ಹಾಜರಿ ಪುಸ್ತಕಗಳನ್ನು ತಿರುವುತ್ತಾ ಕೂರುತ್ತಿದ್ದರು.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ಕೂಗಿದರು: "ಹಂಪಮ್ಮಾ, ಇಷ್ಟೊತ್ತಿನಾಗ ಯಾಕವ್ವ ರೊಟ್ಟಿ ಬಡಿಯಾಕ ಹತ್ತೀಯಿ?"

ಹಂಪಮ್ಮ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಸಂಗಮ್ಮ ಸಂತೆಗೆ ಹೋಗಿದ್ದಳು. ಒಲೆ ಆರಿತ್ತು.

"ಯಾರೂ ಬಡಿವಲ್ರು ಮಾವಾರ."

"ಪಕ್ಕದ ಮನಿಯಾಗೇನು?"

"ಅವರು ಊರಾಗ ಇಲ್ರಿ."

ಮರುಳಸಿದ್ದಪ್ಪ ಮತ್ತೆ ಹಾಜರಿ ಪುಸ್ತಕ ತೆರೆದರು. ಮರುದಿನವೂ ಕೇಳಿದರು, ಅದರ ಮರುದಿನ ಕೇಳಲಿಲ್ಲ, ಆದರೆ ಬರೆಯುವ ಮಣೆಯನ್ನು ಪಡಸಾಲೆಯಿಂದ ಹೊರಗಿನ ಕಟ್ಟೆಗೆ ಸಾಗಿಸಿದರು. ಅಲ್ಲಿ ಬಸ್ಸು, ಲಾರಿಗಳ ಸದ್ದಿತ್ತು. ರೊಟ್ಟಿ ಜೀರ್ಣವಾಗುವುದಿಲ್ಲ, ಅನ್ನವಷ್ಟೇ ಸಾಕು ಎಂದರು. ಒಮ್ಮೆ ಹಂಪಮ್ಮ ಚಹಾ ಕೊಡಲು ಹೋದಾಗ ಅವರು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು ಕುಳಿತಿದ್ದರು. ಅವಳು ಲೋಟವನ್ನು ಸದ್ದಾಗದಂತೆ ಇಟ್ಟು ಬಂದಳು. ಗಂಡನಿಗೆ ಹೇಳಿದಳು.

"ವಯಸ್ಸಾತು," ಎಂದ ವಿರುಪಾಕ್ಷಪ್ಪ. "ಬರಿಯೂದು ಮುಗದ್ರ ಸರಿ ಹೊಕ್ಕಾರ."

*

ಯುಗಾದಿ ಬಂತು, ಹೋಯಿತು. ಪ್ರೆಸ್ಸಿನವನು ಎರಡು ಸಲ ಮನೆಗೆ ಬಂದ. ಬೇವು ಬೆಲ್ಲ ತಿಂದ ನಾಲ್ಕನೆಯ ದಿನ ಸಂಗಮ್ಮ ಒಂದು ಇಳಕಲ್ ಸೀರೆ, ಬಾಳೆಹಣ್ಣು, ಅರ್ಧ ಸೇರು ಸಕ್ಕರೆ ಕಟ್ಟಿಕೊಂಡಳು.

"ಚೋರನೂರಿಗೆ ಹೋಗಿ ಬರ್ತೀನ್ರಿ. ಚಿಗವ್ವ ಯಾವ ತಿಥಿಗೆ ಸತ್ಳು, ಎಲ್ಲಿ ಮಣ್ಣು ಮಾಡಿದ್ರು, ಕೇಳಿಕೊಂಡು ಬರ್ತೀನಿ. ಅದು ಗೊತ್ತಿಲ್ದ ನಿಮಗ ಬರಿಯಾಕ ಆಗವಲ್ದು ಅಂತ ಕಾಣ್ತೈತಿ."

"ಬ್ಯಾಡ," ಎಂದರು ಮರುಳಸಿದ್ದಪ್ಪ. "ಬಿಸಲು ಭಾಳ ಐತಿ."

"ಬಿಸಲು ನನಗ ಹೊಸಾದೇನ್ರಿ? ಮೊದಲು ಹೊರಗ ಹಾಕಿದ್ರೂ ಸಾಯೂ ಕಾಲಕ್ಕ ಕರಕೊಂಡು ಹೋಗಿ ನೋಡಿಕೊಂಡ್ರಲ್ಲ, ಅವ್ರು. ಮೂವತ್ನಾಕು ವರ್ಷಾತು, ಒಂದು ಸೀರಿ ಉಡಿಸಿ ಬರ್ಲಿಲ್ಲ ನಾನು."

ಅತ್ತೆ ಸೊಸೆ ಇಬ್ಬರೂ ಸಂಡೂರಿನ ಬಸ್ಸು ಹತ್ತಿದರು. ಅದಿರಿನ ಲಾರಿಗಳು ಎದುರಾದಾಗಲೆಲ್ಲ ಸಂಗಮ್ಮ ಸೀರೆಯ ಗಂಟಿನ ಮೇಲೆ ಸೆರಗು ಹೊದಿಸುತ್ತಿದ್ದಳು, ಕೆಂಪು ಧೂಳು ಕೂರಬಾರದೆಂದು. ಸಂಡೂರಿನಲ್ಲಿ ಬಸ್ಸು ಬದಲಿಸಿ ಚೋರನೂರು ಮುಟ್ಟುವಾಗ ಮಧ್ಯಾಹ್ನ.

ಎರ್ರಮ್ಮನ ಮೈದುನನ ಹೆಂಡತಿ ಹೊನ್ನೂರಮ್ಮ ಇನ್ನೂ ಬದುಕಿದ್ದಳು. ಬೆನ್ನು ಬಾಗಿತ್ತು, ಕಿವಿ ಚೆನ್ನಾಗಿ ಕೇಳುತ್ತಿತ್ತು. ಸಂಗಮ್ಮ ಕಾಲಿಗೆ ಬಿದ್ದು ಸೀರೆ ಮುಂದಿಟ್ಟಳು.

"ಇದ್ಯಾಕವ್ವ?"

"ನಮ್ಮ ಚಿಗವ್ವನ್ನ ಕಡೀಗಾಲಕ್ಕ ನೋಡಿಕೊಂಡ್ರಿ ನೀವು."

ಹೊನ್ನೂರಮ್ಮ ಹಂಪಮ್ಮನ ಮುಖ ನೋಡಿದಳು, ಮತ್ತೆ ಸಂಗಮ್ಮನ ಮುಖ ನೋಡಿದಳು. "ಯಾರು, ಎರ್ರೀನಾ? ಆಕಿ ಇಲ್ಲಿಗೆ ಯಾವಾಗ ಬಂದ್ಳವ್ವ? ನಮ್ಮ ಅತ್ತಿ ಹೊರಗ ಹಾಕಿದ ಮ್ಯಾಲೆ ಆಕಿ ಈ ಹೊಸ್ತಿಲ ತುಳಿಲಿಲ್ಲ."

"ನೀರು ಬಂದ ವರ್ಷ ನಿಮ್ಮ ಗಾಡಿ ಬಂದು…"

"ನಮ್ಮದು ಗಾಡೀನ ಇರಲಿಲ್ಲ. ನಾನ್ಯಾಕ ಸುಳ್ಳು ಹೇಳ್ಲಿ." ಮುದುಕಿ ಹೊರಗಿನ ಕಟ್ಟೆಯ ಕಡೆ ನೋಡಿದಳು. "ನಿಮ್ಮ ಯಜಮಾನ್ರು ಬಂದಿದ್ರು ಒಂದ್ಸಲ. ನೀರು ಬಂದ ವರ್ಷಾನ. ಎರ್ರಮ್ಮ ಇಲ್ಲಿಗೇನಾದ್ರೂ ಬಂದಾಳೇನು ಅಂತ ಕೇಳಿದ್ರು. ಇಲ್ಲ ಅಂದ್ವಿ. ಆ ಕಟ್ಟಿಮ್ಯಾಲೆ ಕುಂತು ಭಾಳ ಅತ್ರು. ಗಂಡಸ್ರು ಹಂಗ ಅಳೂದು ನಾ ನೋಡಿರಲಿಲ್ಲ. ಒಂದು ಚೆಂಬು ನೀರು ಕುಡದು ಹೋದ್ರು."

ಸಂಗಮ್ಮ ಎದ್ದಳು. ಕೊಟ್ಟ ಸೀರೆ ವಾಪಸು ತೆಗೆದುಕೊಳ್ಳಲಿಲ್ಲ. ಹಿಂದಿರುಗುವ ದಾರಿಯುದ್ದಕ್ಕೂ ಹಂಪಮ್ಮ ಎರಡು ಮೂರು ಸಲ ನೀರು ಬೇಕೇನೆಂದು ಕೇಳಿದಳು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸಂಗಮ್ಮ ಕೈಕಾಲು ತೊಳೆದು ಅನ್ನಕ್ಕಿಟ್ಟಳು, ಸಾರು ಕಾಯಿಸಿದಳು, ತಂದೆ ಮಗ ಇಬ್ಬರಿಗೂ ತಾಟು ಹಾಕಿದಳು. ಗಂಡನ ತಾಟಿಗೆ ಅನ್ನ ಬಡಿಸಿ ಸೌಟು ಕೈಯಲ್ಲಿ ಹಿಡಿದೇ ಕೇಳಿದಳು:

"ಚಿಗವ್ವ ಎಲ್ಲಿ ಸತ್ಳು?"

ಮರುಳಸಿದ್ದಪ್ಪ ಕಲಸಿದ ತುತ್ತನ್ನು ತಾಟಿನಲ್ಲೇ ಬಿಟ್ಟರು. ವಿರುಪಾಕ್ಷಪ್ಪ ತಲೆ ಎತ್ತಿದ.

"ನನಗ ಗೊತ್ತಿಲ್ಲ," ಎಂದರು ಅವರು. "ತೋರಣಕಟ್ಟಿಯಾಗ ಬಿಟ್ಟು ಬಂದೆ."

ಆಮೇಲೆ ಅವರು ಎಲ್ಲವನ್ನೂ ಹೇಳಿದರು. ಹೆಂಡತಿಯನ್ನೂ ಎರಡು ವರ್ಷದ ವಿರುಪಾಕ್ಷನನ್ನೂ ಮೊದಲೇ ಹೊಸಪೇಟೆಗೆ ಕಳಿಸಿಯಾಗಿತ್ತು. ಹುಡುಗರೆಲ್ಲ ಹೋಗುವ ತನಕ ಒಲೆ ಆರಿಸುವುದಿಲ್ಲವೆಂದು ಎರ್ರಮ್ಮ ಉಳಿದಿದ್ದಳು. ಕೊನೆಯ ಹುಡುಗ ಹೋದ ದಿನ ಅವಳಿಗೆ ಜ್ವರ ಏರಿತ್ತು, ನಿಲ್ಲಲು ಆಗುತ್ತಿರಲಿಲ್ಲ. ಮಳೆ ಹಿಡಿದಿತ್ತು, ಊರಿನ ಮುಂದಿನ ಹಳ್ಳಕ್ಕೆ ಹಿನ್ನೀರು ಒತ್ತುತ್ತಿತ್ತು. ಉಳಿದದ್ದು ಒಂದೇ ಗಾಡಿ, ಜಂಬಯ್ಯನದು. ಮೂರು ಟ್ರಂಕು ಹೇರಿದ್ದರು. ಎರಡರಲ್ಲಿ ತಾಳೆಗರಿ, ಪುಸ್ತಕ.

"ಒಂದು ಟ್ರಂಕು ಇಳಿಸಿದ್ರ ಅವ್ವ ಹಿಡಿಸ್ತಾಳ ಮೇಷ್ಟ್ರೆ, ಅಂದ ಜಂಬಯ್ಯ. ನಾ ಬ್ಯಾಡ ಅಂದೆ. ಎಪ್ಪತ್ತು ಎಂಬತ್ತು ವರ್ಷ ಆದ ಮ್ಯಾಲೆ ಶಾಲಿ ಇತ್ತು ಅನ್ನಾಕ ಏನು ಗುರ್ತು ಇರ್ತೈತಿ ಅಂದೆ. ಮುಂಜಾನೆ ಗಾಡಿ ತರ್ತೀನಿ ಎರ್ರವ್ವ ಅಂತ ಹೇಳಿ ಬಂದೆ. ರಾತ್ರಿ ಹಳ್ಳ ಕಟ್ಟಿ ದಾರಿ ಮುಚ್ಚಿತು. ಮೂರು ದಿನ ಈ ದಂಡಿಗೆ ನಿಂತಿದ್ದೆ. ನಾಕನೇ ದಿನಕ್ಕ ಹರಗೋಲು ಸಿಕ್ತು. ಕಿಟಕಿ ಮಟ ನೀರಿತ್ತು. ಬಾಗ್ಲ ತೆರದಿತ್ತು. ಆಕಿ ಇರಲಿಲ್ಲ."

"ಮೂರನೇ ಟ್ರಂಕಿನಾಗ ಏನಿತ್ತು?" ಎಂದ ವಿರುಪಾಕ್ಷಪ್ಪ ಮೆಲ್ಲಗೆ.

ಮರುಳಸಿದ್ದಪ್ಪ ಪಡಸಾಲೆಯ ಕಡೆ ಕೈ ತೋರಿಸಿದರು. "ಹಾಜರಿ ಪುಸ್ತಕ."

ಹಂಪಮ್ಮ ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡಳು.

"ಅವತ್ತ ಯಾಕ ಹೇಳ್ಲಿಲ್ಲ?" ಎಂದಳು ಸಂಗಮ್ಮ.

"ನೀ ಎರಡನೇ ಸಲ ಏಳು ತಿಂಗಳ ಬಸುರಿ ಇದ್ದಿ. ಹೆರಿಗಿ ಆಗ್ಲಿ ಅಂತ ಸುಳ್ಳು ಹೇಳಿದೆ. ಹೆರಿಗಿ ಆದ ಮ್ಯಾಲೆ ಆ ಸುಳ್ಳು ಬಿಡಿಸಾಕ ಬರಲಿಲ್ಲ."

ಸಂಗಮ್ಮ ಸಾರಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಹಿತ್ತಿಲಿಗೆ ಹೋದಳು. ಅಂದು ಮನೆಯಲ್ಲಿ ಯಾರೂ ಉಣ್ಣಲಿಲ್ಲ.

*

ಮರುದಿನದಿಂದ ಅವಳು ಗಂಡನೊಂದಿಗೆ ಮಾತು ಬಿಟ್ಟಳು. ಅಡುಗೆ ಮಾಡುತ್ತಿದ್ದಳು, ಅವರಿಗೆ ಬಡಿಸುವುದು ಸೊಸೆಗೆ ಬಂತು. ಮರುಳಸಿದ್ದಪ್ಪ ಎರಡೇ ದಿನದಲ್ಲಿ ಸ್ಥಳಾಂತರದ ಅಧ್ಯಾಯ ಬರೆದರು. ನಾಲ್ಕು ಪುಟ. ಎರ್ರಮ್ಮನ ಹೆಸರು ಹನ್ನೊಂದು ಸಲ ಬಂದಿತ್ತು. ಟ್ರಂಕು ಇಳಿಸಲು ಒಪ್ಪದ ಮೇಷ್ಟ್ರ ಹೆಸರೂ ಇತ್ತು.

ವಿರುಪಾಕ್ಷಪ್ಪ ಓದಿ ಹಾಳೆ ಕೆಳಗಿಟ್ಟ. "ಇದನ್ನ ಚನ್ನಯ್ಯನವರಿಗೆ ತೋರಿಸಾಕ ಆಗಂಗಿಲ್ಲ."

"ತೋರಿಸು."

"ಅಪ್ಪಾ, ಬಿಟ್ಟು ಬಂದವರು ನೀವು. ಅದರ ದಂಡ ನಾ ತೆರಬೇಕೇನ್ರಿ? ಹೆಡ್‌ಮಾಸ್ಟರ್ ಮಾಡಿ ಅಂತ ಕೇಳಾಂವ ನಾನು, ಅವರ ಹಬ್ಬದ ಪುಸ್ತಕದಾಗ ಹೆಣ ಇಟ್ಟು ಕೊಡ್ಲೇನು?"

"ಹೆಣ ಸಿಕ್ಕಿಲ್ಲಲೇ," ಎಂದರು ಮರುಳಸಿದ್ದಪ್ಪ. "ಸಿಕ್ಕಿದ್ರ ಇಷ್ಟು ಸಂಕಟ ಇರ್ತಿರಲಿಲ್ಲ."

ಚನ್ನಯ್ಯ ಕೆಟ್ಟವನಲ್ಲ. ಓದಿದ ಮೇಲೆ ತಾನೇ ಬಂದ. ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಮೇಷ್ಟ್ರೆ, ನಾನೂ ನಿಮ್ಮ ಕೈಯಾಗ ಓದಿದಾಂವ. ಇದನ್ನ ಓದಿ ನಿದ್ದಿ ಬರಲಿಲ್ಲ. ಆದ್ರ ಮಂದಿ ಮಕ್ಕಳನ್ನ ಕರಕೊಂಡು ಹಬ್ಬಕ್ಕ ಬರ್ತಾರ. ಇದು ಬ್ಯಾಡ್ರಿ."

"ಹಂಗಾರ ನನ್ನ ಹೆಸರೂ ಬ್ಯಾಡ."

ಆಗ ಬಾಗಿಲ ಬಳಿ ನಿಂತಿದ್ದ ಸಂಗಮ್ಮ ಹದಿನೈದು ದಿನದಲ್ಲಿ ಮೊದಲ ಸಲ ಗಂಡನೊಂದಿಗೆ ಮಾತಾಡಿದಳು.

"ಬರದು ಹಗುರಾಗಬ್ಯಾಡ್ರಿ ನೀವು. ಪುಸ್ತಕದಾಗ ಹಾಕಿದ್ರ ಮಂದಿ ಏನಂತಾರ? ಮೇಷ್ಟ್ರು ಎಂಥ ಸತ್ಯವಂತ್ರು ಅಂತಾರ. ಆ ಹೆಸರೂ ನಿಮಗ ಬರ್ತೈತಿ. ಆಕಿಗೇನು ಬಂತು?"

ಚನ್ನಯ್ಯ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಬಸವ ಜಯಂತಿಗೆ ಪುಸ್ತಕ ಬಿಡುಗಡೆಯಾಯಿತು. ಲೇಖಕರ ಹೆಸರಿನ ಜಾಗದಲ್ಲಿ 'ಆಡಳಿತ ಮಂಡಳಿ' ಎಂದಿತ್ತು. ನಾಲ್ಕು ಪುಟದ ಬದಲು ಒಂದು ಸಾಲು: 'ಸಂಸ್ಥೆಯ ಸಮಸ್ತವೂ ಸುರಕ್ಷಿತವಾಗಿ ಹೊಸಪೇಟೆಗೆ ಸ್ಥಳಾಂತರಗೊಂಡಿತು.' ಅದನ್ನು ಬರೆದುಕೊಟ್ಟದ್ದು ವಿರುಪಾಕ್ಷಪ್ಪ. ಮರುಳಸಿದ್ದಪ್ಪ ಸಮಾರಂಭಕ್ಕೆ ಹೋಗಲಿಲ್ಲ. ಮೈಕಿನ ಸದ್ದು ಮನೆಯ ತನಕ ಬರುತ್ತಿತ್ತು. ಅವರು ಪಡಸಾಲೆಯಲ್ಲಿ, ಸಂಗಮ್ಮ ಅಡುಗೆಮನೆಯಲ್ಲಿ, ನಡುವೆ ಗೋಡೆ. ಇಬ್ಬರೂ ಕೇಳುತ್ತಾ ಕುಳಿತಿದ್ದರು.

ಹತ್ತು ದಿನಕ್ಕೆ ಹೆಡ್‌ಮಾಸ್ಟರ್ ಆದೇಶ ಬಂತು. ವಿರುಪಾಕ್ಷಪ್ಪ ಪೇಡೆ ತಂದ. ತಂದೆ ಒಂದು ತೆಗೆದುಕೊಂಡು ಕೈಯಲ್ಲೇ ಇಟ್ಟುಕೊಂಡರು. ತಾಯಿ ತೆಗೆದುಕೊಳ್ಳಲಿಲ್ಲ.

"ಆಕಿ ತೊಡಿಮ್ಯಾಲೆ ಬೆಳದಾಂವ ನೀನು," ಎಂದಳು. "ಜ್ವರ ಬಂದ್ರ ನನ್ನ ಹಂತ್ಯಾಕ ಬರತಿರಲಿಲ್ಲ, ಆಕಿ ಹಂತ್ಯಾಕ ಹೋಗತಿದ್ದಿ. ನಿನಗ ನೆನಪಿಲ್ಲ, ಅದು ನಿನ್ನ ತಪ್ಪಲ್ಲ. ಆದ್ರ ಸಮಸ್ತವೂ ಅಂತ ಬರದಿಯಲ್ಲೋ. ಆಕಿ ಯಾವುದರಾಗೂ ಬರಲಿಲ್ಲೇನು?"

ವಿರುಪಾಕ್ಷಪ್ಪ ಪೇಡೆಯ ಪೊಟ್ಟಣವನ್ನು ಗೂಡಿನಲ್ಲಿಟ್ಟು ಹೊರಗೆ ಹೋದ. ಪೇಡೆಗೆ ಇರುವೆ ಮುತ್ತಿದವು.

*

ಮೇ ಕೊನೆಗೆ ಡ್ಯಾಮಿನ ನೀರು ಬಹಳ ಕೆಳಗಿಳಿಯಿತು. ಮರಿಯಮ್ಮನಹಳ್ಳಿಯ ಕಡೆ ಹಳೆಯ ಊರುಗಳ ಗೋಡೆ ಕಾಣುತ್ತಿವೆ ಎಂದು ಸಂತೆಯಲ್ಲಿ ಮಾತಾಡಿಕೊಂಡರು. ಸಂಗಮ್ಮ ಸೊಸೆಗೆ ಹೇಳಿದಳು, ಗಂಡನಿಗೆ ಕೇಳುವಂತೆ: "ನಾಳೆ ತೋರಣಕಟ್ಟಿಗೆ ಹೋಗೂದೈತಿ. ಮಾವಾರಿಗೂ ಬರಾಕ ಹೇಳು. ಜಂಬಯ್ಯಗ ಗಾಡಿ ಹೂಡಿಸಾಕ ಹೇಳಿ ಕಳಿಸೀನಿ."

ಬೆಳಗ್ಗೆ ಮೂವರೂ ಬಸ್ಸಿನಲ್ಲಿ ಕುಳಿತಿದ್ದಾಗ ವಿರುಪಾಕ್ಷಪ್ಪ ಓಡುತ್ತಾ ಬಂದು ಹತ್ತಿದ. ಹಂಪಮ್ಮ ಸರಿದು ಜಾಗ ಕೊಟ್ಟಳು.

ಮರಿಯಮ್ಮನಹಳ್ಳಿಯಲ್ಲಿ ಜಂಬಯ್ಯ ಕಾಯುತ್ತಿದ್ದ. ಎಪ್ಪತ್ತು ದಾಟಿದವನು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಗಾಡಿ ಒಣಗಿದ ಕೆಸರಿನ ಮೇಲೆ ಒಂದು ತಾಸು ನಡೆಯಿತು. ನೀರು ಬಿಟ್ಟುಕೊಟ್ಟ ನೆಲದಲ್ಲಿ ಅಲ್ಲಲ್ಲಿ ಯಾರೋ ಸೌತೆ ಬಳ್ಳಿ ಹಾಕಿದ್ದರು. ಆಮೇಲೆ ಬಳ್ಳಿಗಳೂ ನಿಂತು, ಬರೀ ಬಿರುಕು ನೆಲ, ಸತ್ತ ಕಪ್ಪೆಚಿಪ್ಪು. ತೋರಣಕಟ್ಟಿಯ ಮನೆಗಳೆಲ್ಲ ಮಣ್ಣಾಗಿದ್ದವು. ಪಾಠಶಾಲೆ ಕಲ್ಲಿನದು, ಅದರ ಬುನಾದಿ, ಸೊಂಟದೆತ್ತರದ ಗೋಡೆ, ಅಡುಗೆಮನೆಯ ಬಾಗಿಲಿನ ಎರಡು ಕಲ್ಲು ನಿಂತಿದ್ದವು. ಗಾಳಿ ಇರಲಿಲ್ಲ.

ಸಂಗಮ್ಮ ಒಳಗೆ ಹೋಗಿ ಒಲೆ ಇದ್ದ ಮೂಲೆಯಲ್ಲಿ ಕುಳಿತು, ಹೂಳನ್ನು ಕೈಯಿಂದ ಬಗೆದಳು. ಮೊಳದಷ್ಟು ಬಗೆದರೂ ಹೂಳೇ.

"ಜಂಬಣ್ಣ, ಅವತ್ತ ಆಕಿ ಏನಂದ್ಳು? ನೀ ಹೇಳು."

ಜಂಬಯ್ಯ ಮೇಷ್ಟ್ರ ಕಡೆ ನೋಡಿದ. ಅವರು ತಲೆ ತಗ್ಗಿಸಿದರು.

"ಏನೂ ಅನ್ನಲಿಲ್ಲ ತಾಯಿ. ಗಾಡಿ ಹೊಂಟಾಗ ಗ್ವಾಡಿ ಹಿಡಕೊಂಡು ಈ ಬಾಗ್ಲತನ ಬಂದ್ಳು. ಮಳಿ ಹನೀತಿತ್ತು. ಮೈಮ್ಯಾಗಿನ ಕಂಬಳಿ ತಗದು ನನ್ನ ಕಡೆ ಒಗದ್ಳು. ಟ್ರಂಕಿನ ಮ್ಯಾಲೆ ಹೊಚ್ಚೋ ಜಂಬಾ, ಹುಡುಗ್ರ ಹೆಸರು ತೋದಾವು ಅಂದ್ಳು."

ಇದನ್ನು ಮರುಳಸಿದ್ದಪ್ಪ ಮನೆಯಲ್ಲಿ ಹೇಳಿರಲಿಲ್ಲ. ನಾಲ್ಕು ಪುಟದಲ್ಲೂ ಬರೆದಿರಲಿಲ್ಲ. ಅವರು ಬಾಗಿಲಿನ ಕಲ್ಲಿಗೆ ಹಣೆ ಹಚ್ಚಿ ನಿಂತರು. ಹಂಪಮ್ಮ ಮುಂದೆ ಹೋಗಲು ನೋಡಿದಳು. ಸಂಗಮ್ಮ ಕೈ ಹಿಡಿದು ನಿಲ್ಲಿಸಿದಳು. ಎದ್ದು, ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು, ಗಂಡನ ಹತ್ತಿರ ಬಂದಳು.

"ಕರೀರಿ ಆಕೀನ."

ಅವರು ತಿರುಗಿ ನೋಡಿದರು.

"ಗಾಡಿ ತರ್ತೀನಿ ಅಂದಿದ್ರಿ. ತಂದೀನಿ ಅಂತ ಹೇಳ್ರಿ."

ಮೂವತ್ತಾರು ವರ್ಷ ಹುಡುಗರಿಗೆ ಗಟ್ಟಿಯಾಗಿ ಪಾಠ ಹೇಳಿದ ದನಿಯಲ್ಲಿ ಅವರು ಕೂಗಿದರು:

"ಎರ್ರವ್ವಾ… ಗಾಡಿ ಬಂದೈತಿ ಬಾರವ್ವಾ…"

ಆ ಕೂಗು ಬಯಲಿನ ಮೇಲೆ ನೀರಿನ ಅಂಚಿನ ತನಕ ಹೋಯಿತು. ಅಲ್ಲಿ ನಿಂತಿದ್ದ ಬೆಳ್ಳಕ್ಕಿಗಳು ಒಮ್ಮೆಲೇ ಎದ್ದು ಮತ್ತೆ ಕೂತವು. ಜಂಬಯ್ಯ ಗಾಡಿಯ ಹಿಂದಕ್ಕೆ ಹೋಗಿ, ಹಾಸಿದ ಹುಲ್ಲನ್ನು ಒಂದು ಬದಿಗೆ ಒತ್ತಾಗಿ ಸರಿಮಾಡಿದ, ಜ್ವರ ಬಂದವರನ್ನು ಮಲಗಿಸುವಾಗ ಮಾಡುವಂತೆ. ಎಲ್ಲರೂ ಹತ್ತುವಾಗ ಆ ಬದಿಯನ್ನು ಬಿಟ್ಟು ಕುಳಿತರು.

ಸಂಜೆ ಮರಿಯಮ್ಮನಹಳ್ಳಿಯಲ್ಲಿ ಹೊಸಪೇಟೆಯ ಬಸ್ಸು ಸಿಕ್ಕಿತು. ಸಂಗಮ್ಮ ಮೂರು ಮಂದಿಯ ಸೀಟಿನಲ್ಲಿ ಕಿಟಕಿಯ ಪಕ್ಕದ ಜಾಗ ಬಿಟ್ಟು ನಡುವೆ ಕುಳಿತಳು. ಮರುಳಸಿದ್ದಪ್ಪ ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಅವಳ ಈಚೆ ಬದಿಗೆ ಕುಳಿತರು. ಅವಳು ಏಳಲಿಲ್ಲ. ಮಗ, ಸೊಸೆ ಹಿಂದೆ ಕುಳಿತರು.

ಕಂಡಕ್ಟರ್ ಬಂದ. "ಹೊಸಪೇಟಿನಾ? ಎಷ್ಟ್ರಿ ಸರ್?"

ವಿರುಪಾಕ್ಷಪ್ಪ ದುಡ್ಡು ತೆಗೆದ. ಮುಂದಿನ ಸೀಟನ್ನೊಮ್ಮೆ ನೋಡಿದ.

"ಐದು."

"ನಾಕ ಮಂದಿ ಅದೀರಲ್ರಿ?"

"ಐದು ಕೊಡ್ರಿ," ಎಂದ ವಿರುಪಾಕ್ಷಪ್ಪ.

ಕಂಡಕ್ಟರ್ ಐದು ಟಿಕೆಟ್ ಹರಿದು ಕೊಟ್ಟ. ಸಂಗಮ್ಮ ಹಿಂದಕ್ಕೆ ಕೈ ಚಾಚಿ ಅದರಲ್ಲೊಂದನ್ನು ಇಸಿದುಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.